ಪೂಜೆ ಕಳೆದ ಮೇಲೆ ಏಳದ ಯಂತ್ರ

ಮೊನ್ನೆ ಹಬ್ಬದ ಸಂಜೆ ನಮ್ಮ ಬೀದಿಯ ಆಟೋದವನು ಗಾಡಿಗೆ ಪೂಜೆ ಮುಗಿಸಿ, ಓಣಿಯ ಮಕ್ಕಳನ್ನೆಲ್ಲ ತುಂಬಿಕೊಂಡು ಒಂದು ಸುತ್ತು ಹೊರಟ. ಹಾರ ಹಾಕಿದ್ದು ಸಾಲದೆಂದು ಹೆಡ್‌ಲೈಟಿನ ಗಾಜಿಗೂ ಧಾರಾಳವಾಗಿ ಗಂಧ ಮೆತ್ತಿದ್ದ. ಸುತ್ತು ಮುಗಿಸಿ ನಮ್ಮ ಗೇಟಿನ ಮುಂದೆ ನಿಲ್ಲಿಸಿ, ದೀಪ ಆರಿಸದೆ, ಪುರಿ ಕಡಲೆ ಹಂಚುತ್ತ ನಿಂತ. ಗಾಜು ಕಾದು ಗಂಧದ ವಾಸನೆ ಬಂತು. ತೇಯ್ದ ಹಸಿ ಗಂಧದ್ದಲ್ಲ, ಬಿಸಿಗೆ ಒಣಗಿ ಸೀಯುವ ಗಂಧದ್ದು. ನಾನು ಕೈಯೊಡ್ಡಿ ಪುರಿ ಇಸಿದುಕೊಂಡವಳು ತಿನ್ನುವುದನ್ನು ಮರೆತು ಹಾಗೇ ನಿಂತುಬಿಟ್ಟೆ. ಆ ವಾಸನೆಗೆ ನಾನು ಹೊಸೂರಿನಲ್ಲಿ ಕಳೆದ ಒಂದು ವರ್ಷವೇ ಅಂಟಿಕೊಂಡಿದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಹೊಸೂರು ಆಗ ಅರ್ಧ ರಾಗಿ ಹೊಲ, ಅರ್ಧ ಫ್ಯಾಕ್ಟರಿ. ಪಾಳಿ ಬದಲಾಗುವ ಹೊತ್ತಿಗೆ ರಸ್ತೆಯ ತುಂಬ ಸೈಕಲ್ಲು. ಒಂದೇ ಸೈಕಲ್ಲಿನ ಮೇಲೆ ಹೋಗುವ ಇಬ್ಬರು ಎರಡು ಭಾಷೆಯಲ್ಲಿ ಮಾತಾಡುತ್ತ, ಮೂರನೆಯದರಲ್ಲಿ ಬೈದಾಡುತ್ತ ಹೋಗುತ್ತಿದ್ದರು. ನಾನು ಮಾಲೂರಿನವಳು. ಮದುವೆಯಾಗಿ ಬಂದದ್ದು ಇಲ್ಲಿಗೆ. ನನ್ನ ಗಂಡ ಚಂದ್ರಪ್ಪ ಕೆಲಮಂಗಲದ ಕಡೆಯವನು, ಹೊಸ ಫ್ಯಾಕ್ಟರಿಯೊಂದರಲ್ಲಿ ಲೇತ್ ಮೇಲೆ ಕೆಲಸ. ಆ ವರ್ಷ ಮಾವಿನ ಸುಗ್ಗಿಯಲ್ಲಿ ಬೆಳಗಿನ ಪಾಳಿಗೆಂದು ಸೈಕಲ್ ಹತ್ತಿ ಹೋದವನು, ಕೃಷ್ಣಗಿರಿ ಕಡೆಯಿಂದ ಕಾಯಿ ಹೇರಿಕೊಂಡು ಬರುತ್ತಿದ್ದ ಲಾರಿಗೆ ಸಿಕ್ಕಿ ಅಲ್ಲೇ ಹೋಗಿಬಿಟ್ಟ. ಮದುವೆಯಾಗಿ ಎರಡು ಯುಗಾದಿಯೂ ಕಳೆದಿರಲಿಲ್ಲ.

ನಾನು ಅಳಲಿಲ್ಲ. ಬಂದವರೆಲ್ಲ ಧೈರ್ಯದ ಹೆಂಗಸು ಅಂದರು. ಧೈರ್ಯವೂ ಇಲ್ಲ, ಮಣ್ಣೂ ಇಲ್ಲ. ಏನೂ ಅನ್ನಿಸುತ್ತಿರಲಿಲ್ಲ, ಅಷ್ಟೆ. ಸಾರಿಗೆ ಒಗ್ಗರಣೆ ಹಾಕಿದರೆ ಸದ್ದು ಕೇಳುತ್ತಿತ್ತು, ವಾಸನೆ ಬರುತ್ತಿರಲಿಲ್ಲ. ತಲೆಗೆ ಎಣ್ಣೆ ಹಚ್ಚಿಕೊಂಡೆನೋ ಇಲ್ಲವೋ ಎಂದು ಕೈ ಮುಟ್ಟಿ ನೋಡಿಕೊಳ್ಳಬೇಕಿತ್ತು. ತಿಂಗಳಿಗೊಮ್ಮೆ, ಅವನು ಹೋದ ತಾರೀಖು ಹತ್ತಿರವಾದಾಗ ಮಾತ್ರ ಎದೆಯಲ್ಲೊಂದು ಕಲ್ಲು ಬಂದು ಕೂರುತ್ತಿತ್ತು.

ಫ್ಯಾಕ್ಟರಿಯವರು ಮನುಷ್ಯರ ಹಾಗೆ ನಡೆದುಕೊಂಡರು. ನಾನು ಪಿಯುಸಿ ಓದಿದ್ದೆ, ಟೈಪಿಂಗ್ ಪಾಸಾಗಿತ್ತು. ಅನುಕಂಪದ ಮೇಲೆ ಕಂಪ್ಯೂಟರ್ ವಿಭಾಗದಲ್ಲಿ ಆಪರೇಟರ್ ಕೆಲಸ ಕೊಟ್ಟರು. ಸದ್ಯಕ್ಕೆ ತಾತ್ಕಾಲಿಕ, ದೀಪಾವಳಿಯ ಹೊತ್ತಿಗೆ ಕಾಯಂ ಮಾಡುವುದೋ ಬಿಡುವುದೋ ತೀರ್ಮಾನ. ನನ್ನಣ್ಣ ಮಾಲೂರಿನಿಂದ ಬಂದು ತನ್ನ ತೀರ್ಮಾನವನ್ನೂ ಹೇಳಿಹೋದ: "ಕಾಯಂ ಆದ್ರೆ ಸರಿ. ಆಗ್ಲಿಲ್ಲ ಅಂದ್ರೆ ಸುಮ್ನೆ ಮನೆಗ್ ಬಂದ್ಬುಡಮ್ಮಿ. ಒಂದ್ ತುತ್ತು ಅನ್ನಕ್ಕೇನು ಬರವಾ?" ಬರ ಇರಲಿಲ್ಲ, ನಿಜ. ಆದರೆ ಆ ಮನೆಯ ನಡುಮನೆಯಲ್ಲಿ ರಾಗಿ ತುಂಬಿಡುವ ವಾಡೆಯ ಪಕ್ಕ ಒಂದು ಜಾಗವಿತ್ತು. ಗಂಡ ಸತ್ತ ಮೇಲೆ ನನ್ನ ಸೋದರತ್ತೆ ಅವರೆಕಾಯಿ ಸುಲಿಯುತ್ತ ಅಲ್ಲೇ ಕೂತು ಮುದುಕಿಯಾಗಿ, ಅಲ್ಲೇ ಸತ್ತಳು. ಅವಳಿಗೆ ಯಾರೂ ತೊಂದರೆ ಕೊಟ್ಟವರಲ್ಲ. ಯಾರೂ ಅವಳನ್ನು ಒಂದು ಮಾತು ಕೇಳಿದವರೂ ಅಲ್ಲ. ಆ ಜಾಗ ಈಗ ಖಾಲಿ ಇತ್ತು. ಏನೂ ಅನ್ನಿಸದ ಆ ದಿನಗಳಲ್ಲೂ ಅಲ್ಲಿಗೆ ಹೋಗಿ ಕೂರಬಾರದು ಅನ್ನುವುದೊಂದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು.

ಕಂಪ್ಯೂಟರ್ ಎಂದರೆ ಈಗಿನ ಹಾಗೆ ಮಡಿಲಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. ಎರಡು ಬೀರುಗಳಷ್ಟು ದೊಡ್ಡದು. ಅದಕ್ಕೊಂದು ತಣ್ಣನೆಯ ಕೋಣೆ, ಗಾಜಿನ ಬಾಗಿಲು. ದೇವರ ಮನೆಗೆ ಹೋಗುವಂತೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಕೆಲಸಗಾರರ ಹಾಜರಿ, ಉಗ್ರಾಣದ ಸಾಮಾನು ಎಲ್ಲ ಅದರ ತಲೆಯಲ್ಲಿ. ಆದರೆ ಆರಿಸಿ ಹತ್ತಿಸಿದರೆ ಆ ತಲೆಯಲ್ಲಿ ಏನೂ ಇರುತ್ತಿರಲಿಲ್ಲ. 'ಓದು' ಅನ್ನುವುದೂ ಅದಕ್ಕೆ ಗೊತ್ತಿರುತ್ತಿರಲಿಲ್ಲ. ಮುಂಭಾಗದಲ್ಲಿದ್ದ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ, ಒಂದೊಂದೇ ಸಾಲಿನಂತೆ ಮೊದಲ ಪಾಠವನ್ನು ನಾವೇ ಕೈಯಿಂದ ತುಂಬಬೇಕು. ಅದಕ್ಕೆ ಬೂಟ್‌ಲೋಡರ್ ಎಂದು ಹೆಸರು. ಅಷ್ಟು ತಿಳಿದ ಮೇಲೆ ಅದು ಟೇಪ್ ಓದಲು ಕಲಿಯುತ್ತದೆ. ಟೇಪ್ ಎಂದರೆ ಸಾಲುಸಾಲಾಗಿ ತೂತು ಹೊಡೆದ ಕಾಗದದ ಪಟ್ಟಿ. ಅದನ್ನು ಓದುವ ಪೆಟ್ಟಿಗೆಯೇ ರೀಡರ್; ಅದರಲ್ಲಿ ಪಟ್ಟಿಯ ಮೇಲಿಂದ ಬೆಳಕು ಬೀಳುತ್ತದೆ. ತೂತಿದ್ದಲ್ಲಿ ಬೆಳಕು ಕೆಳಗೆ ಇಳಿಯುತ್ತದೆ, ಇಲ್ಲದಲ್ಲಿ ಇಲ್ಲ. ಓದುವುದೆಂದರೆ ಇಷ್ಟೇ. ಟೇಪ್ ಪೂರ್ತಿ ಓದಿಯಾದ ಮೇಲೆ ಯಂತ್ರ ಎದ್ದು ಕೂರುತ್ತಿತ್ತು.

ನಮ್ಮ ವಿಭಾಗದ ಮುಖ್ಯಸ್ಥರು ರಾಜಮಾಣಿಕ್ಯಂ ಸಾರ್. ಧರ್ಮಪುರಿಯವರು, ಹಣೆಯ ತುಂಬ ವಿಭೂತಿ, ತಮಿಳು ಬೆರೆಸಿ ಕನ್ನಡ ಮಾತಾಡುವವರು. ಸ್ವಿಚ್ ಹಾಕುವುದನ್ನು ನನಗೆ ಕೈ ಹಿಡಿದು ಕಲಿಸಿದವರು ಅವರೇ. ಅದು ನನಗೆ ಹೇಳಿ ಮಾಡಿಸಿದ ಕೆಲಸವಾಗಿತ್ತು. ಮೇಲೆ, ಕೆಳಗೆ, ಮೇಲೆ, ಮೇಲೆ, ಕೆಳಗೆ. ಅಳುವಂಥದ್ದೂ ನಗುವಂಥದ್ದೂ ಅದರಲ್ಲಿ ಏನೂ ಇರಲಿಲ್ಲ. ಆಷಾಢದ ಗಾಳಿ, ಶ್ರಾವಣದ ತುಂತುರು ಎಲ್ಲ ಆ ಗಾಜಿನ ಬಾಗಿಲಿನ ಆಚೆಯೇ ಕಳೆದುಹೋದವು. ಬೆಳಿಗ್ಗೆ ಹೋದೊಡನೆ ರೀಡರಿನ ಗಾಜನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸುವುದು, ಸ್ವಿಚ್ ಹಾಕುವುದು, ಟೇಪ್ ಹೂಡುವುದು. ಯಂತ್ರದ ಮಟ್ಟಿಗೆ ನಾನು ಚೆನ್ನಾಗಿದ್ದೆ.

ಆಯುಧಪೂಜೆ ಬಂತು. ಹಬ್ಬದ ಹಿಂದಿನ ದಿನವೇ ಫ್ಯಾಕ್ಟರಿಯಲ್ಲಿ ಪೂಜೆ. ಯಂತ್ರಗಳನ್ನೆಲ್ಲ ನಿಲ್ಲಿಸಿ, ಎಣ್ಣೆ ಒರೆಸಿ, ಬಾಳೆಕಂದು ಕಟ್ಟಿ, ಒಂದೊಂದಕ್ಕೂ ವಿಭೂತಿ ಪಟ್ಟೆ ಬಳಿದು ನಡುವೆ ಗಂಧ ಕುಂಕುಮದ ಬೊಟ್ಟಿಡುವುದು ಪದ್ಧತಿ. ಇಟ್ಟ ಬೊಟ್ಟನ್ನು ಕೈಯಾರೆ ಅಳಿಸುವ ಹಾಗಿಲ್ಲ. ಕೆಲಸ ಮಾಡುತ್ತ ಅದಾಗಿಯೇ ಉದುರಬೇಕು. ನಮ್ಮ ಕೋಣೆಗೂ ಮಂಗಳಾರತಿ ತಟ್ಟೆ ಬರುವ ಹೊತ್ತಾಯಿತು. ಕೋಣೆ ಗುಡಿಸಿ ಒರೆಸುತ್ತಿದ್ದ ಮುನಿರತ್ನಮ್ಮ ನನ್ನ ರಟ್ಟೆ ಹಿಡಿದು ಬಾಗಿಲ ಕಡೆ ಕರೆದೊಯ್ದಳು. ದಿನಾ ತನ್ನ ಡಬ್ಬಿಯ ಮುದ್ದೆಯಲ್ಲಿ ನನಗೆ ಪಾಲು ಕೊಡುತ್ತಿದ್ದವಳು ಅವಳು.

"ಸುಸೀಲ, ಒಂದ್ ಗಳ್ಗೆ ಆಚೆ ನಿಂತ್ಕೊಂಬುಡು ತಾಯಿ. ನಾನೇನ್ ಇದ್ನೆಲ್ಲ ನಂಬ್ತೀನಿ ಅಂತಲ್ಲ. ನಾಳೀಕೆ ಏನಾರ ಹೆಚ್ಚುಕಮ್ಮಿ ಆದ್ರೆ ನಿನ್ ತಲೆಗೇ ಕಟ್ತಾರೆ. ಅದ್ಕೇ ಯೋಳ್ತಿವ್ನಿ."

"ಆಗ್ಲಿ ಅಕ್ಕ," ಅಂದೆ. ಗಾಜಿನ ಈಚೆ ನಿಂತು ನೋಡಿದೆ. ರಾಜಮಾಣಿಕ್ಯಂ ಸಾರ್ ಕೈಯಲ್ಲಿ ಬಟ್ಟಲು ಹಿಡಿದು, ನನಗೆ ಬೆನ್ನು ಹಾಕಿ, ಯಂತ್ರಕ್ಕೆ ಮಗುವಿಗೆ ಇಡುವಷ್ಟು ಅಕ್ಕರೆಯಿಂದ ಬೊಟ್ಟಿಡುತ್ತಿದ್ದರು. ಅಂಗಳದಲ್ಲಿ ಬೂದುಗುಂಬಳ ಒಡೆದ ಸದ್ದು ಕೇಳಿಸಿತು. ಆಮೇಲೆ ಮುನಿರತ್ನಮ್ಮ ಕಾಗದದಲ್ಲಿ ಪುರಿ ಕಟ್ಟಿಕೊಂಡು ತಂದುಕೊಟ್ಟಳು. ತಿಂದೆ. ಬೇಜಾರಾಯಿತೇ ಎಂದು ಈಗ ಕೇಳಿದರೆ, ಇಲ್ಲ. ಆಗ ನನಗೆ ಬೇಜಾರೂ ಆಗುತ್ತಿರಲಿಲ್ಲ.

ಹಬ್ಬದ ರಜೆ ಕಳೆದು ಬಂದ ಬೆಳಿಗ್ಗೆ ಯಂತ್ರದ ತುಂಬ ಹಾರ, ಪಟ್ಟೆ, ಬೊಟ್ಟು. ಪದ್ಧತಿಯಂತೆ ನಾನು ಏನನ್ನೂ ಒರೆಸಲಿಲ್ಲ. ಬಟ್ಟೆಯನ್ನೇ ಕೈಗೆ ತೆಗೆದುಕೊಳ್ಳಲಿಲ್ಲ. ಸ್ವಿಚ್ ಹಾಕಿದೆ, ಟೇಪ್ ಹೂಡಿದೆ, ಶುರು ಮಾಡಿದೆ. ಟೇಪ್ ಗೇಣುದ್ದ ಸರಿದು ನಿಂತುಬಿಟ್ಟಿತು. ಯಂತ್ರ ಓಡುತ್ತಿದೆ ಎಂದು ಹೇಳುವ ಕೆಂಪು ದೀಪ ಉರಿಯುತ್ತಲೇ ಇದೆ. ಯಂತ್ರ ಮಾತ್ರ ಏನೂ ಮಾಡುತ್ತಿಲ್ಲ. ಮತ್ತೆ ಮೊದಲಿಂದ ಹಾಕಿದೆ. ರಾಜಮಾಣಿಕ್ಯಂ ಸಾರ್ ಬಂದು ತಾವೇ ಹಾಕಿದರು. ಅದೇ ಜಾಗ, ಅದೇ ಕೆಂಪು ದೀಪ. ನನ್ನನ್ನೇ ಕನ್ನಡಿಯಲ್ಲಿ ನೋಡಿದ ಹಾಗಿತ್ತು.

ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಮಾತು ಹಬ್ಬಿತ್ತು. ಪೂಜೆಯ ಹೊತ್ತಿನಲ್ಲಿ ನಾನು ಬಾಗಿಲಲ್ಲೇ ನಿಂತಿದ್ದೆನಂತೆ, ಮಂಗಳಾರತಿಗೇ ಎದುರಾಗಿ. ಒಳಗಿದ್ದರೆ ಒಳಗಿದ್ದಳು ಅನ್ನುತ್ತಿದ್ದರು. ಅಂತೂ ಗಂಡನನ್ನು ತಿಂದವಳ ಕಾಲ್ಗುಣ ಯಂತ್ರಕ್ಕೂ ತಗುಲಿತು. ಮುನಿರತ್ನಮ್ಮ ತಟ್ಟೆ ಕುಕ್ಕಿ ಎದ್ದು, "ಥೂ, ನಿಮ್ ಬಾಯ್ಗಿಷ್ಟು ಮಣ್ಣಾಕ. ಆಚೆ ನಿಲ್ಸಿದ್ದೇ ನಾನು!" ಎಂದು ಕೂಗಾಡಿದಳು. ಅದರಿಂದ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಸಂಜೆ ರಾಜಮಾಣಿಕ್ಯಂ ಸಾರ್ ನನ್ನನ್ನು ಕರೆದು, ಮುಖ ನೋಡದೆ ಮಾತಾಡಿದರು. "ಮನಸಿಗೆ ಹಚ್ಕೋಬೇಡಮ್ಮಾ. ರಿಪೇರಿ ಆಗೋವರ್ಗೂ ನೀನು ಮಿಷನ್ ಮುಟ್ಟಬೇಡ. ಜನ ಏನೇನೋ ಪೇಸ್‌ತಾರೆ. ಮೇಲಿನವರು ಬೇರೆ, ಮಿಷನೇ ಏಳದಿದ್ರೆ ಆಪರೇಟರ್ ಎದುಕ್ಕು ಅಂತ ಕೇಳ್ತಾ ಇದ್ದಾರೆ. ದೀಪಾವಳಿ ಒಳಗೆ ಎದ್ರೆ ನಿಂದು ಕಾಯಂ ಆಗತ್ತೆ. ಇಲ್ಲಾಂದ್ರೆ ನನ್ನ ಕೈಲಿ ಏನೂ ಇಲ್ಲಮ್ಮಾ."

ಬೆಂಗಳೂರಿನಿಂದ ರಿಪೇರಿಗೆ ವೆಂಕಟೇಶ ಎಂಬ ಎಂಜಿನಿಯರ್ ಬಂದ. ಯಂತ್ರ ಮಾರಿದ ಕಂಪನಿಯವನು, ನನ್ನ ವಯಸ್ಸಿನವನೇ. ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದ. ಹೊಸೂರಿನ ಜಿಟಿಜಿಟಿ ಮಳೆಗೆ ಬಂದ ಮರುದಿನವೇ ಅವನಿಗೆ ನೆಗಡಿ ಹಿಡಿಯಿತು. ಮೂಗೊರೆಸಿಕೊಳ್ಳುತ್ತ ಯಂತ್ರವನ್ನು ಒಂದೊಂದೇ ಹೆಜ್ಜೆ ನಡೆಸಿ ನೋಡುತ್ತಿದ್ದ. ಟೇಪಿನ ಒಂದು ಸಾಲು ಓದಿಸುವುದು, ಮುಂಭಾಗದಲ್ಲಿ ಯಾವ ಯಾವ ದೀಪ ಹತ್ತಿತು ನೋಡುವುದು, ಇನ್ನೊಂದು ಸಾಲು. ಮುಟ್ಟಬೇಡ ಅಂದಿದ್ದರಿಂದ ನಾನು ದೂರದ ಮೇಜಿನಲ್ಲಿ ಕೂತು, ಟೇಪಿನ ತೂತುಗಳನ್ನು ನೋಡಿ ಯಾವ ದೀಪ ಹತ್ತಬೇಕು ಎಂದು ಕೂಗಿ ಹೇಳುತ್ತಿದ್ದೆ. ಬಹಳ ಹೊತ್ತಿನ ಮೇಲೆ ಅವನು ಸ್ಟೂಲಿನಿಂದ ತಿರುಗಿದ.

"ನೋಡೀಮ್ಮ, ಎಲ್ಲಾ ದೀಪನೂ ಬರ್ತಿದೆ. ಮಧ್ಯದ್ದು ಇದೊಂದೇ ಬರ್ತಿಲ್ಲ. ಅಲ್ಲಿ ತೂತಿದ್ರೂ ಇದಕ್ಕೆ ಕಾಣ್ತಿಲ್ಲ. ಅದಕ್ಕೇ ತಪ್ಪು ಓದ್ಕೊಂಡು, ಮುಂದೇನು ಅಂತ ಗೊತ್ತಾಗದೆ ನಿಂತ್ಬಿಡತ್ತೆ."

ಸಿಕ್ಕಿತಲ್ಲ ಎಂದುಕೊಂಡೆವು. ಸಿಕ್ಕಿರಲಿಲ್ಲ. ಅವನು ರೀಡರಿನ ಒಳಗಿನ ಸರ್ಕ್ಯೂಟ್ ಕಾರ್ಡುಗಳನ್ನು ಬದಲಾಯಿಸಿದ, ತಂತಿ ಬದಲಾಯಿಸಿದ, ಕೆಳಗೆ ಬೆಳಕು ಹಿಡಿಯುವ ಕಣ್ಣುಗಳನ್ನು ಊದಿ ಒರೆಸಿದ. ಮೇಲಿನ ದೀಪ ಉರಿಯುತ್ತಿತ್ತು, ಅದಕ್ಕೇನೂ ಆಗಿರಲಿಲ್ಲ. ನಡುವಿನ ಆ ಒಂದು ಕಣ್ಣು ಮಾತ್ರ ಕುರುಡಾಗಿಯೇ ಉಳಿಯಿತು. ಕೊನೆಗೆ ಅವನೂ ಕೈಚೆಲ್ಲಿ, ಇಡೀ ರೀಡರನ್ನೇ ಬಾಂಬೆಯಿಂದ ತರಿಸಬೇಕು, ದೀಪಾವಳಿ ಕಳೆಯುತ್ತದೆ ಅಂದ. ರಾಜಮಾಣಿಕ್ಯಂ ಸಾರ್ ನನ್ನ ಕಡೆ ಒಮ್ಮೆ ನೋಡಿ ಹೊರಗೆ ಹೋದರು.

ಭಾನುವಾರ ಅಣ್ಣ ಬಂದ. ವಿಷಯ ಅದಾಗಲೇ ಮಾಲೂರು ಮುಟ್ಟಿತ್ತು. ಕಾಲು ತೊಳೆದುಕೊಂಡವನೇ ಪಾತ್ರೆ ಕಟ್ಟಲು ಕೂತ. "ಎಲ್ಲಾ ಒಂದೇ ದಪ ಒಯ್ಯಕ್ಕಾಗಲ್ಲ. ಇವತ್ತು ಸ್ಟೌ, ದೊಡ್ಡ ಪಾತ್ರೆ ತಕೊಂಡೋಯ್ತೀನಿ. ನೀನು ಲೆಕ್ಕ ತೀರಿಸ್ಕೊಂಡು ಬಾ," ಅಂದ. ಒಳ್ಳೆಯ ಮನುಷ್ಯ ನನ್ನಣ್ಣ. ನನ್ನ ಭಾರ ಹೊರಲು ಬೆನ್ನು ಸಿದ್ಧ ಮಾಡಿಕೊಂಡೇ ಬಂದಿದ್ದ. ಪಾತ್ರೆಗಳನ್ನು ಒಂದೊಂದಾಗಿ ನಾನೇ ಎತ್ತಿಕೊಟ್ಟೆ. ಸ್ಟೌ ಇದ್ದ ಜಾಗದಲ್ಲಿ ಸೀಮೆಎಣ್ಣೆಯ ದುಂಡನೆ ಕಲೆ ಉಳಿಯಿತು. ನೀರು ಹಾಕಿ ಉಜ್ಜಿದೆ, ಹೋಗಲಿಲ್ಲ. ಬಾಡಿಗೆ ಮನೆಯವರು ಏನನ್ನುವರೋ ಎಂದು ಮಾತ್ರ ಯೋಚಿಸಿದ್ದು ನೆನಪಿದೆ.

ಮರುದಿನ ವೆಂಕಟೇಶನದು ಕೊನೆಯ ದಿನ. ಬಾಂಬೆಗೆ ಹೇಳಿ ಕಳಿಸುವ ಮೊದಲು ಅಳತೆಗಳನ್ನು ತೆಗೆದುಕೊಳ್ಳಬೇಕೆಂದು ರೀಡರಿನ ದೀಪವನ್ನು ಬೆಳಗಿನಿಂದಲೂ ಹತ್ತಿಸಿಯೇ ಬಿಟ್ಟಿದ್ದ. ಹಬ್ಬದ ಊದುಬತ್ತಿಯ ವಾಸನೆ ಕೋಣೆಯಿಂದ ಹೋಗಿ ಎಷ್ಟೋ ದಿನವಾಗಿತ್ತಂತೆ. ನನಗೆ ಅದು ಬಂದದ್ದೂ ಗೊತ್ತಿರಲಿಲ್ಲ, ಹೋದದ್ದೂ ಗೊತ್ತಿರಲಿಲ್ಲ. ನಾನು ಹಳೆಯ ಕಾಗದಗಳನ್ನು ಮಡಿಸಿಡುತ್ತಿದ್ದೆ. ಏನೋ ಮೂಗಿಗೆ ಬಡಿಯಿತು.

ಮೊದಲು ಅದೇನೆಂದು ತಿಳಿಯಲಿಲ್ಲ. ಎಷ್ಟೋ ದಿನದಿಂದ ಮಾತಾಡಿಸದವರು ಯಾರೋ ಕರೆದ ಹಾಗಾಯಿತು. ಆಮೇಲೆ ಹೊಳೆಯಿತು, ಗಂಧ. ಸೀಯುತ್ತಿರುವ ಗಂಧ.

"ಸಾರ್, ಏನೋ ಸೀಯ್ತಿದೆ."

ವೆಂಕಟೇಶ ಗಾಬರಿಯಾಗಿ ಎದ್ದ. "ಎಲ್ಲಿ? ನನಗೆ ನೆಗಡಿ, ಏನೂ ಗೊತ್ತಾಗ್ತಿಲ್ಲ. ವೈರಾ?"

"ವೈರಲ್ಲ, ಗಂಧ." ಮೂಗು ಎಳೆದ ಕಡೆ ಹೋದೆ. ರೀಡರಿನ ಹತ್ತಿರ ವಾಸನೆ ಗಾಢವಾಗಿತ್ತು. "ಇದರೊಳಗಿಂದ ಬರ್ತಿದೆ."

"ಎತ್ತಿ ನೋಡಿ ಮತ್ತೆ."

"ನಾನು ಮುಟ್ಟಬಾರದು ಅಂದಿದಾರೆ."

ಅವನು ನನ್ನನ್ನು ಒಂದು ಕ್ಷಣ ನೋಡಿದ. ಕ್ಯಾಂಟೀನಿನ ಮಾತು ಅವನ ಕಿವಿಗೂ ಬಿದ್ದಿರಬೇಕು. "ಇದನ್ನ ದಿನಾ ಒರೆಸ್ತಿದ್ದೋರು ನೀವು. ನೀವೇ ಎತ್ತಿ," ಅಂದ.

ರೀಡರಿನ ಮೇಲ್ಭಾಗದಲ್ಲಿ, ದೀಪ ಇರುವ ಕಡೆ, ಒಂದು ಪುಟ್ಟ ಮುಚ್ಚಳವಿದೆ. ಟೇಪ್ ಹೂಡಲು ಅದನ್ನು ಅರ್ಧ ಎತ್ತಿದರೆ ಸಾಕು. ಅವನೂ ಅಷ್ಟೇ ಎತ್ತುತ್ತಿದ್ದ. ಗಾಜು ಒರೆಸುವಾಗ ಮಾತ್ರ ನಾನು ಪೂರ್ತಿ ಹಿಂದಕ್ಕೆ ಮಗುಚುತ್ತಿದ್ದೆ. ಹಾಗೆ ಮಗುಚಿ ನಿಲ್ಲಿಸಿದರೆ ಅದು ಒಂದು ಚಿಕ್ಕ ಮುಖ. ಅದರ ನಡುವೆ ದುಂಡು ಗಾಜು, ಗಾಜಿನ ಹಿಂದೆ ದೀಪ. ಮಗುಚಿದೆ. ಗಾಜಿನ ಮೇಲೆ ಗಂಧದ ಬೊಟ್ಟು, ರೊಟ್ಟಿಯ ಅಂಚಿನ ಹಾಗೆ ಕಂದಿ ಗಟ್ಟಿಯಾಗಿತ್ತು. ಅದರ ನಡುವೆ ಕುಂಕುಮ ಕಪ್ಪಿಟ್ಟಿತ್ತು.

ವೆಂಕಟೇಶ ಸ್ಟೂಲಿನ ಮೇಲೆ ಕೂತುಬಿಟ್ಟ. ಇಡೀ ವಾರ ಬೆಂಗಳೂರಿಗೂ ಹೊಸೂರಿಗೂ ಓಡಾಡಿದ್ದು ಒಂದು ಬೊಟ್ಟಿಗಾಗಿ ಎಂದು ತಿಳಿದು, ಕೆಮ್ಮು ಬರುವವರೆಗೂ ನಕ್ಕ.

ನಾನು ಬಟ್ಟೆಗೆ ಸ್ಪಿರಿಟ್ ಹಚ್ಚಿ ಒರೆಸಿದೆ. ಸುಲಭವಾಗಿ ಹೋಗಲಿಲ್ಲ, ಉಗುರು ಹಾಕಿ ಕೆರೆಯಬೇಕಾಯಿತು. ಉಗುರಿನ ಸಂದಿಯಲ್ಲಿ ಕೆಂಪು ಕೂತಿತು. ಅದನ್ನು ನೋಡುತ್ತಿದ್ದ ಹಾಗೆ ನನಗೆ ಕೋಪ ಬಂತು. ಇಷ್ಟು ತಿಂಗಳಲ್ಲಿ ಮೊದಲು ಬಂದದ್ದು ದುಃಖವಲ್ಲ, ಕೋಪ. ಪೂಜೆಯ ದಿನ ನಾನು ಒಳಗೆ ನಿಂತಿದ್ದರೆ, "ಅಲ್ಲಿ ಬೇಡ ಸಾರ್, ಅದು ಗಾಜು" ಅನ್ನುತ್ತಿದ್ದೆ. ಒಂದು ಮಾತು. ಅಷ್ಟು ಸಾಕಾಗಿತ್ತು.

ಯಾರನ್ನೂ ಕೇಳದೆ ಸ್ವಿಚ್ಚುಗಳ ಮುಂದೆ ಕೂತು ಮೊದಲ ಸಾಲಿನಿಂದ ಹಾಕಿದೆ. ಟೇಪ್ ಹೂಡಿದೆ. ಅದು ನಿಲ್ಲುತ್ತಿದ್ದ ಜಾಗ ದಾಟಿತು, ಗಳಗಳನೆ ಸದ್ದು ಮಾಡುತ್ತ ಓಡಿತು. ಆ ಸದ್ದಿಗೆ ರಾಜಮಾಣಿಕ್ಯಂ ಸಾರ್ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದರು. ಅವರ ಹಿಂದೆ ಮುನಿರತ್ನಮ್ಮ, ಕೈಯಲ್ಲಿ ಪೊರಕೆ.

"ಎನ್ನ ಆಚ್ಚು ತಂಬಿ? ಏನಾಗಿತ್ತು?"

ವೆಂಕಟೇಶ ದೊಡ್ಡವರ ಮುಂದೆ ಮಾತು ತೇಲಿಸಿದ. "ಗಾಜಿನ ಮೇಲೆ ಸ್ವಲ್ಪ ಕೊಳೆ ಕೂತಿತ್ತು ಸಾರ್."

"ಕೊಳೆ ಅಲ್ಲ ಸಾರ್," ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಪೂಜೆ ದಿನ ಇಟ್ಟ ಬೊಟ್ಟು. ನಾನು ಒಳಗಿದ್ದಿದ್ರೆ ಅಲ್ಲಿ ಇಡೋಕೆ ಬಿಡ್ತಿರಲಿಲ್ಲ. ನಾನು ಹೊರಗಿದ್ದೆ."

ರಾಜಮಾಣಿಕ್ಯಂ ಸಾರ್ ತಮ್ಮ ಉಂಗುರದ ಬೆರಳನ್ನು ನೋಡಿಕೊಂಡರು. "ನಾನ್ ದಾನ್ ಅಮ್ಮಾ ವೆಚ್ಚೇನ್. ನಾನೇ ಇಟ್ಟೆ," ಅಂದರು. "ಮುಚ್ಚಳ ಮಗುಚಿ ಇಟ್ಟೆ. ಬೆಳಕು ಬರೋ ಜಾಗ ಅಲ್ವಾ, ಅಲ್ಲೇ ಸಾಮಿ ಇರ್ತಾರೆ ಅಂದ್ಕೊಂಡೆ." ಕಾಲಲ್ಲಿದ್ದ ಚಪ್ಪಲಿ ಬಿಚ್ಚಿ ಕೈಗೆತ್ತಿಕೊಂಡು, "ಮೇಲೆ ನಾನೇ ಹೋಗಿ ಹೇಳ್ತೀನಿ. ಕೊಳೆ ಅಂತ ಹೇಳಲ್ಲ, ಇದ್ದದ್ದು ಇದ್ದಂಗೆ ಹೇಳ್ತೀನಿ," ಅಂದರು. ಹಾಗೇ ಹೇಳಿದರು ಕೂಡ. ದೀಪಾವಳಿಗೆ ಮುಂಚೆ ನನ್ನ ಕೆಲಸ ಕಾಯಂ ಆಯಿತು. ಅಣ್ಣ ಗೊಣಗುತ್ತಲೇ ಸ್ಟೌ ವಾಪಸ್ ತಂದುಕೊಟ್ಟ. ಕಾಲ್ಗುಣದ ಮಾತಾಡಿದವರು ಯಾರೂ ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವರಿಗೆ ಅಷ್ಟರಲ್ಲಿ ಬೇರೆ ಮಾತು ಸಿಕ್ಕಿತ್ತು.

ಇದೆಲ್ಲ ಆಮೇಲಿನದು. ಆ ಮಧ್ಯಾಹ್ನ ಟೇಪ್ ಪೂರ್ತಿ ಓದಿದ ಮೇಲೆ, ಯಂತ್ರದ ಮಾತನ್ನು ಕಾಗದದ ಮೇಲೆ ಹೊಡೆಯುವ ಟೆಲಿಪ್ರಿಂಟರ್ ಟಕಟಕನೆ ಸದ್ದು ಮಾಡಿ, ಎದ್ದ ತಕ್ಷಣ ಯಾವಾಗಲೂ ಕೇಳುವ ಪ್ರಶ್ನೆ ಕೇಳಿತು: ಇವತ್ತು ಯಾವ ತಾರೀಖು? ನನಗೆ ಹೊಳೆಯಲಿಲ್ಲ. ಗೋಡೆಯ ಕ್ಯಾಲೆಂಡರ್ ಪೂಜೆಯ ದಿನದಲ್ಲೇ ನಿಂತಿತ್ತು. ಯಂತ್ರ ಕೆಟ್ಟ ಮೇಲೆ ಯಾರೂ ಹಾಳೆ ಹರಿದಿರಲಿಲ್ಲ. ಹೋಗಿ ಒಂದೊಂದೇ ಹರಿಯತೊಡಗಿದೆ. ನಡುವೆ ಒಂದು ಹಾಳೆ ಕೈಗೆ ಬಂತು. ಚಂದ್ರಪ್ಪ ಹೋದ ತಾರೀಖು.

ಪ್ರತಿ ತಿಂಗಳೂ ಆ ತಾರೀಖು ಹತ್ತಿರವಾದಂತೆ ಎದೆಯಲ್ಲಿ ಆ ಕಲ್ಲು ಬಂದು ಕೂರುತ್ತಿತ್ತು. ಬೇರೆ ಏನೂ ಅನ್ನಿಸದಿದ್ದರೂ ಅದೊಂದು ಮಾತ್ರ ತಪ್ಪುತ್ತಿರಲಿಲ್ಲ. ಈ ತಿಂಗಳು ಅದು ಬರಲೇ ಇಲ್ಲ, ತಾರೀಖು ನನಗೇ ತಿಳಿಯದೆ ಕಳೆದುಹೋಗಿತ್ತು. ಆ ದಿನ ಏನು ಮಾಡುತ್ತಿದ್ದೆ ಎಂದು ನೆನಪು ಮಾಡಿಕೊಂಡೆ. ವೆಂಕಟೇಶನಿಗೆ ದೀಪಗಳ ಲೆಕ್ಕ ಕೂಗಿ ಹೇಳುತ್ತಿದ್ದೆ. ಕ್ಯಾಂಟೀನಿನಲ್ಲಿ ಕೇಸರಿಬಾತು ಮಾಡಿದ್ದರು. ಎರಡನೇ ಸಲ ಹಾಕಿಸಿಕೊಂಡಿದ್ದೆ.

ಹಾಳೆ ಹಿಡಿದುಕೊಂಡು ಅಳತೊಡಗಿದೆ. ಎಲ್ಲರ ಮುಂದೆ, ದನಿ ತೆಗೆದು. ವೆಂಕಟೇಶ ತಲೆ ತಗ್ಗಿಸಿಕೊಂಡು ಹೊರಗೆ ಹೋದ. ಮುನಿರತ್ನಮ್ಮ ಪೊರಕೆ ಬಿಸಾಕಿ ಬಂದು ತಬ್ಬಿಕೊಂಡಳು. ಅವಳೂ ಅಳುತ್ತಿದ್ದಳು. "ತಪ್ಪಾಯ್ತು ಕಣಮ್ಮಿ. ನಿನ್ನ ಆಚೆ ನಿಲ್ಲಿಸ್ಬಾರ್ದಿತ್ತು. ನನ್ ಬುದ್ಧಿಗಿಷ್ಟು ಬೆಂಕಿ ಬೀಳ," ಎನ್ನುತ್ತಿದ್ದಳು.

ಅದಕ್ಕಲ್ಲ ಅಕ್ಕ ಎಂದು ನಾನು ಹೇಳಲಿಲ್ಲ. ಅದಕ್ಕೂ ಇದ್ದೀತು. ಅವಳ ಸೆರಗಿನಲ್ಲೇ ಮುಖ ಒರೆಸಿಕೊಂಡೆ, ಉಳಿದ ಹಾಳೆಗಳನ್ನೂ ಹರಿದೆ, ಹೋಗಿ ಕೂತು ಆ ದಿನದ ತಾರೀಖು ಹೊಡೆದೆ.